ಒಂದು ಪುಟ್ಟ ಕೋಟೆ, ಮೂರು ಆಕಾರ, ನಾಲ್ಕು ಸಾಲಿನ ಫಲಕ

ಅಮೆರಿಕದ ಪೂರ್ವ ಭಾಗದಲ್ಲಿರುವ ಕನ್ನಡಿಗರು ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನಕ್ಕೋ, ಇಲ್ಲಾ ಓಹಿಯೊಪೈಲ್ ಜಲಪಾತ ನೋಡುವುದಕ್ಕೋ ಕಾರು ಹತ್ತುವುದು ಹೊಸದೇನಲ್ಲ. ವಾಷಿಂಗ್ಟನ್ ಡಿಸಿ ಕಡೆಯಿಂದ ಬರುವವರು ಟೋಲ್ ರಸ್ತೆ ಬಿಟ್ಟು ಕಂಬರ್‌ಲೆಂಡ್ ಮೇಲೆ ಬಂದರೆ ಯುಎಸ್ 40 ಹೆದ್ದಾರಿ ಸಿಗುತ್ತದೆ. ಯೂನಿಯನ್‌ಟೌನ್ ಇನ್ನು ಹನ್ನೊಂದು ಮೈಲಿ ಇದೆ ಅನ್ನುವಾಗ ರಸ್ತೆ ಪಕ್ಕದಲ್ಲಿ ನೀಲಿ ಬಣ್ಣದ ಲೋಹದ ಫಲಕ, ಅದರ ಮೇಲೆ ಹಳದಿ ಅಕ್ಷರ. ನಿಮ್ಮ ಕಾರಿನ ವೇಗಕ್ಕೆ ತಲೆಬರಹ ಒಂದನ್ನು ಓದಬಹುದು: ಫೋರ್ಟ್ ನೆಸೆಸಿಟಿ. ಉಳಿದದ್ದನ್ನು ಓದುವಷ್ಟರಲ್ಲಿ ಫಲಕ ಹಿಂದಕ್ಕೆ ಹೋಗಿರುತ್ತದೆ.

ಈ ಕೋಟೆಯ ಬಗ್ಗೆ ಬರೆಯಬೇಕು ಅನ್ನಿಸಿದ್ದಕ್ಕೆ ಒಂದು ಕಾರಣ ಇದೆ. ಇಲ್ಲಿ ನಡೆದ ಗಲಾಟೆಯಿಂದ ಶುರುವಾದ ಯುದ್ಧ ನಮ್ಮ ಪುದುಚೇರಿಯವರೆಗೂ ಬಂತು. ಅಷ್ಟು ದೊಡ್ಡ ಯುದ್ಧಕ್ಕೆ ಕಾರಣವಾದ ಕೋಟೆ ಯಾವ ಆಕಾರದಲ್ಲಿತ್ತು ಅನ್ನುವುದನ್ನೇ ಜನ ಹೆಚ್ಚೂಕಮ್ಮಿ 140 ವರ್ಷ ತಪ್ಪಾಗಿ ತಿಳಿದಿದ್ದರು. ತಪ್ಪು ಆಕಾರದಲ್ಲಿ ಕೋಟೆಯನ್ನು ಮತ್ತೆ ಕಟ್ಟಿ, ಜನರನ್ನು ಕರೆದು ತೋರಿಸಿದ್ದೂ ಆಯಿತು. ಫಲಕ ಓದಿ "ಓ ಹೌದಾ" ಅಂದು ಮುಂದೆ ಹೋಗುವವರಿಗೆ ಇದು ಗೊತ್ತಾಗುವುದೇ ಇಲ್ಲ.

ಮೊದಲು ಕೋಟೆ ಅಂದರೆ ಏನು ಅನ್ನುವುದನ್ನು ಸರಿಮಾಡಿಕೊಳ್ಳೋಣ. ಚಿತ್ರದುರ್ಗ ನೋಡಿ ಬೆಳೆದವರಿಗೆ ಕೋಟೆ ಅಂದರೆ ಕಲ್ಲು, ಬುರುಜು, ಕಂದಕ, ಆನೆ ನುಗ್ಗದ ಬಾಗಿಲು. ಅದೆಲ್ಲ ಇಲ್ಲಿ ಮರೆತುಬಿಡಿ. ಫೋರ್ಟ್ ನೆಸೆಸಿಟಿಯ ಅಡ್ಡಳತೆ 53 ಅಡಿ. ಸುತ್ತ ಏಳಡಿ ಎತ್ತರದ ಮರದ ಕಂಬಗಳ ಬೇಲಿ. ನಡುವೆ ಮದ್ದುಗುಂಡು, ದಿನಸಿ ಇಡುವುದಕ್ಕೆ ಒಂದು ಗುಡಿಸಲು, ಅದಕ್ಕೆ ಮರದ ತೊಗಟೆ ಮತ್ತು ಚರ್ಮದ ಹೊದಿಕೆ. ಅಷ್ಟೇ. ಬೆಂಗಳೂರಿನ ಒಂದು ಸಾಧಾರಣ ಮದುವೆ ಮಂಟಪದ ಊಟದ ಹಾಲ್‌ನೊಳಗೆ ಇಡೀ ಕೋಟೆ ಕೂರುತ್ತದೆ.

ಇಷ್ಟು ಚಿಕ್ಕದನ್ನು ಕಾಡಿನ ಮಧ್ಯೆ ಯಾಕೆ ಕಟ್ಟಿದರು? ಉತ್ತರ ಒಂದೇ ಪದದಲ್ಲಿ ಬೇಕಿದ್ದರೆ, ಜಮೀನು.

1750ರ ಹೊತ್ತಿಗೆ ಅಮೆರಿಕದ ಪೂರ್ವ ಕರಾವಳಿಯ ಉದ್ದಕ್ಕೂ ಇಂಗ್ಲಿಷರ ವಸಾಹತುಗಳಿದ್ದವು. ಉತ್ತರದಲ್ಲಿ ಕೆನಡಾ, ದಕ್ಷಿಣದಲ್ಲಿ ಲೂಸಿಯಾನಾ ಫ್ರೆಂಚರ ಕೈಯಲ್ಲಿದ್ದವು. ಎರಡನ್ನೂ ಜೋಡಿಸುವ ನೀರಿನ ದಾರಿ ಅಂದರೆ ಓಹಿಯೊ ನದಿ. ಫ್ರೆಂಚರಿಗೆ ಅದು ದಾರಿಯಾಗಿ ಬೇಕಿತ್ತು. ವರ್ಜೀನಿಯಾದ ದೊಡ್ಡ ಮನುಷ್ಯರಿಗೆ ಅದೇ ಕಣಿವೆ ಸೈಟು ಮಾಡಿ ಮಾರುವುದಕ್ಕೆ ಬೇಕಿತ್ತು. ಓಹಿಯೊ ಕಂಪನಿ ಅಂತಲೇ ಒಂದು ಕಂಪನಿ ಮಾಡಿಕೊಂಡು, 1749ರಲ್ಲಿ ಇಂಗ್ಲೆಂಡಿನ ರಾಜನಿಂದ 2 ಲಕ್ಷ ಎಕರೆಯ ಮಂಜೂರಾತಿ ತಂದಿದ್ದರು. ವರ್ಜೀನಿಯಾದ ಆಡಳಿತ ನಡೆಸುತ್ತಿದ್ದ ಲೆಫ್ಟಿನೆಂಟ್ ಗವರ್ನರ್ ರಾಬರ್ಟ್ ಡಿನ್‌ವಿಡ್ಡಿ ಆ ಕಂಪನಿಯ ಪಾಲುದಾರ. ಜಾರ್ಜ್ ವಾಷಿಂಗ್ಟನ್‌ನ ಅಣ್ಣ ಲಾರೆನ್ಸ್ ಕೂಡ ಅದರಲ್ಲಿದ್ದ. ಸರ್ಕಾರ ಯಾವುದು, ಕಂಪನಿ ಯಾವುದು ಅಂತ ಬಿಡಿಸಿ ಹೇಳುವುದೇ ಕಷ್ಟ. ಈಸ್ಟ್ ಇಂಡಿಯಾ ಕಂಪನಿಯ ಕತೆ ಓದಿದ ನಮಗೆ ಇದು ಅಷ್ಟೇನೂ ಅಚ್ಚರಿ ಅಲ್ಲ ಬಿಡಿ.

ಇಂಗ್ಲಿಷರು, ಫ್ರೆಂಚರ ಈ ಜಗಳದಲ್ಲಿ ಆ ಕಣಿವೆಯಲ್ಲಿ ನಿಜವಾಗಿ ಮನೆ ಮಾಡಿಕೊಂಡಿದ್ದವರನ್ನು ಯಾರೂ ಕೇಳಲಿಲ್ಲ. ಲೆನಾಪೆ, ಅಂದರೆ ಇಂಗ್ಲಿಷರು ಡೆಲವೇರ್ ಅಂತ ಕರೆಯುತ್ತಿದ್ದ ಜನ, ಶಾನಿಗಳು, ಮಿಂಗೊಗಳು ಅಲ್ಲಿದ್ದರು. ಇವರ ಮೇಲೆ ತಮ್ಮ ಯಜಮಾನಿಕೆ ಇದೆ ಅಂತ ಹೇಳಿಕೊಳ್ಳುತ್ತಿದ್ದ ಇರೊಕ್ವಾ ಒಕ್ಕೂಟ ಬೇರೆ. ಆ ಒಕ್ಕೂಟದ ಪರವಾಗಿ ಕಣಿವೆಯಲ್ಲಿದ್ದ ನಾಯಕ ತನಗ್ರಿಸನ್. ಇಂಗ್ಲಿಷರು ಅವನನ್ನು 'ಅರೆ ರಾಜ' ಅಂತ ಕರೆಯುತ್ತಿದ್ದರು. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1753ರ ಕೊನೆಯಲ್ಲಿ ಡಿನ್‌ವಿಡ್ಡಿ ತನ್ನ ಕಡೆಯಿಂದ ಒಬ್ಬ ಹುಡುಗನ ಕೈಯಲ್ಲಿ ಫ್ರೆಂಚರಿಗೆ ಕಾಗದ ಕಳಿಸಿದ: ಇದು ನಮ್ಮ ಜಾಗ, ಖಾಲಿ ಮಾಡಿ. ಕಾಗದ ಒಯ್ದವನೇ ಜಾರ್ಜ್ ವಾಷಿಂಗ್ಟನ್, ಆಗ ವಯಸ್ಸು 21. ಫ್ರೆಂಚ್ ಅಧಿಕಾರಿ ಮರ್ಯಾದೆಯಿಂದಲೇ ನಡೆದುಕೊಂಡ, ಆದರೆ ಆಗಲ್ಲ ಅಂದ. ಮುಂದಿನ ವರ್ಷ ವರ್ಜೀನಿಯಾದವರು ಇವತ್ತಿನ ಪಿಟ್ಸ್‌ಬರ್ಗ್ ಇರುವ ಜಾಗದಲ್ಲಿ, ಎರಡು ನದಿ ಸೇರಿ ಓಹಿಯೊ ಆಗುವ ಕಡೆ, ಒಂದು ಕೋಟೆ ಕಟ್ಟಲು ಶುರುಮಾಡಿದರು. ಏಪ್ರಿಲ್‌ನಲ್ಲಿ ಫ್ರೆಂಚರು ನೂರಾರು ಜನ ಬಂದು ಅವರನ್ನು ಎಬ್ಬಿಸಿ ಕಳಿಸಿ, ಅಲ್ಲೇ ತಮ್ಮ ಫೋರ್ಟ್ ಡ್ಯುಕೇನ್ ಕಟ್ಟಿದರು. ಈ ಹೊತ್ತಿಗೆ ವಾಷಿಂಗ್ಟನ್ ಸೈನ್ಯ ತೆಗೆದುಕೊಂಡು ಅತ್ತ ಹೊರಟಿದ್ದ. ಸೈನ್ಯಕ್ಕೆ ಸೇರುವವರಿಗೆ ಸಂಬಳದ ಜೊತೆಗೆ ಅದೇ ಓಹಿಯೊ ಕಣಿವೆಯಲ್ಲಿ 2 ಲಕ್ಷ ಎಕರೆ ಹಂಚುತ್ತೇವೆ ಅಂತ ಡಿನ್‌ವಿಡ್ಡಿ ಘೋಷಿಸಿದ್ದ. ಇನ್ನೂ ಕೈಗೆ ಬಾರದ ಜಮೀನು ಅದು!

ದಾರಿ ಇಲ್ಲದ ಬೆಟ್ಟದಲ್ಲಿ ಮರ ಕಡಿದು, ಗಾಡಿ ಹೋಗುವಷ್ಟು ರಸ್ತೆ ಮಾಡಿಕೊಂಡು ಅವರು ಮುಂದೆ ಸಾಗಬೇಕಿತ್ತು. ಮೇ 24ಕ್ಕೆ ಗ್ರೇಟ್ ಮೆಡೋಸ್ ಅನ್ನುವ ಹುಲ್ಲುಗಾವಲಿಗೆ ಬಂದರು. ದಟ್ಟ ಕಾಡಿನ ನಡುವೆ ಬಯಲು, ಕುದುರೆಗಳಿಗೆ ಮೇವು, ಪಕ್ಕದಲ್ಲೇ ತೊರೆ. ಹೋರಾಟಕ್ಕೆ ಸೊಗಸಾದ ಬಯಲು ಅಂತ ವಾಷಿಂಗ್ಟನ್ ಪತ್ರ ಬರೆದ. ಹುಲ್ಲುಗಾವಲು ಅಲ್ಲಿ ಯಾಕೆ ಆಯಿತು, ಮರ ಯಾಕೆ ಬೆಳೆಯಲಿಲ್ಲ ಅಂತ ಮಾತ್ರ ಯೋಚಿಸಿದ ಹಾಗೆ ಕಾಣುವುದಿಲ್ಲ. ಅದು ನೀರು ನಿಲ್ಲುವ ಜೌಗು ಜಾಗ.

ನಾಲ್ಕು ದಿನಕ್ಕೆ, ಮೇ 28ರ ಬೆಳಗ್ಗೆ, ಅಲ್ಲಿಂದ ಕೆಲವು ಮೈಲಿ ದೂರದ ಬಂಡೆಗಳ ಕಣಿವೆಯಲ್ಲಿ ತಂಗಿದ್ದ ಸಣ್ಣ ಫ್ರೆಂಚ್ ತುಕಡಿಯನ್ನು ವಾಷಿಂಗ್ಟನ್ ಮತ್ತು ತನಗ್ರಿಸನ್ ಸೇರಿ ಸುತ್ತುವರಿದರು. ಕಾಲು ಗಂಟೆಯ ಗುಂಡಿನ ಚಕಮಕಿ. ಫ್ರೆಂಚ್ ನಾಯಕ ಜುಮೊನ್‌ವಿಲ್ ಸೇರಿ ಹತ್ತು ಜನ ಸತ್ತರು, 21 ಜನ ಸೆರೆಯಾದರು. ಒಬ್ಬ ತಪ್ಪಿಸಿಕೊಂಡು ಹೋಗಿ ಸುದ್ದಿ ಮುಟ್ಟಿಸಿದ. ಜುಮೊನ್‌ವಿಲ್ ಯುದ್ಧಕ್ಕೆ ಬಂದಿರಲಿಲ್ಲ, ಹೋದ ವರ್ಷ ವಾಷಿಂಗ್ಟನ್ ಒಯ್ದಂಥದೇ ಕಾಗದ ಹಿಡಿದು ಬರುತ್ತಿದ್ದ ದೂತ ಅಂತ ಫ್ರೆಂಚರ ವಾದ. ಬೇಹುಗಾರಿಕೆಗೆ ಬಂದವನು ಅಂತ ವಾಷಿಂಗ್ಟನ್ ವಾದ. ಮೊದಲ ಗುಂಡು ಯಾರದು ಅನ್ನುವುದರಲ್ಲೂ ಎರಡು ಕಡೆಯ ಹೇಳಿಕೆ ಕೂಡುವುದಿಲ್ಲ.

ಇಷ್ಟಾದ ಮೇಲೆ ಫ್ರೆಂಚರು ಸುಮ್ನೆ ಕೂರುತ್ತಾರಾ? ಅದಕ್ಕೇ ಗಡಿಬಿಡಿಯಲ್ಲಿ ಹುಲ್ಲುಗಾವಲಿನಲ್ಲಿ ಆ ಕಂಬದ ಬೇಲಿ ಎದ್ದಿತು. ಜೂನ್ ಮೊದಲ ವಾರಕ್ಕೆ ಸಿದ್ಧ.

ಇಂಥ ಕೋಟೆಯನ್ನು ಹೇಗೆ ಕಟ್ಟುತ್ತಿದ್ದರು ಅನ್ನುವುದಕ್ಕೆ ಒಂದು ಒಳ್ಳೆಯ ಸಾಕ್ಷಿ ಇದೆ. ಇದಾಗಿ ಒಂದೂವರೆ ವರ್ಷಕ್ಕೆ, 1756ರ ಜನವರಿಯಲ್ಲಿ, ಬೆಂಜಮಿನ್ ಫ್ರಾಂಕ್ಲಿನ್ ಇದೇ ಪೆನ್ಸಿಲ್ವೇನಿಯಾದ ಇನ್ನೊಂದು ಮೂಲೆಯಲ್ಲಿ ಫೋರ್ಟ್ ಅಲೆನ್ ಕಟ್ಟಿಸಿದ. ಮನುಷ್ಯ ಯಾವುದನ್ನು ನೋಡಿದರೂ ಅಳೆಯದೆ ಬಿಡುವವನಲ್ಲ. ಇಬ್ಬರು ಪೈನ್ ಮರಕ್ಕೆ ಕೊಡಲಿ ಹಾಕಿದಾಗ ಗಡಿಯಾರ ನೋಡಿಕೊಂಡ. ಆರು ನಿಮಿಷಕ್ಕೆ ಮರ ನೆಲದ ಮೇಲಿತ್ತು. ದಪ್ಪ ಅಳೆದರೆ 14 ಅಂಗುಲ. ಒಂದೊಂದು ಮರದಿಂದ 18 ಅಡಿ ಉದ್ದದ ಮೂರು ಕಂಬ, ಒಂದು ತುದಿ ಚೂಪು. ಇತ್ತ ಇನ್ನೊಂದು ಗುಂಪು ಸುತ್ತಲೂ ಮೂರಡಿ ಆಳದ ಕಾಲುವೆ ತೋಡುತ್ತಿತ್ತು. ಆ ಕಾಲುವೆಯಲ್ಲಿ ಕಂಬಗಳನ್ನು ಒಂದಕ್ಕೊಂದು ತಾಗಿಸಿ ನಿಲ್ಲಿಸುವುದು. ಒಳಗಡೆ ಆರಡಿ ಎತ್ತರದಲ್ಲಿ ಹಲಗೆಯ ಅಟ್ಟ, ಅದರ ಮೇಲೆ ನಿಂತು ಕಂಡಿಯಿಂದ ಗುಂಡು ಹಾರಿಸಬೇಕು. ಸುತ್ತಳತೆ 455 ಅಡಿ, ಹಾಗಾಗಿ ಅಷ್ಟೇ ಕಂಬ. ದಿನ ಬಿಟ್ಟು ದಿನ ಮಳೆ ಬಂದರೂ ಒಂದು ವಾರದಲ್ಲಿ ಮುಗಿಯಿತಂತೆ. ಒಂದು ಸಣ್ಣ ತಿರುಗುವ ಫಿರಂಗಿ ಕೂರಿಸಿ, ಕೂರಿಸಿದ ತಕ್ಷಣ ಒಂದು ಸಲ ಹಾರಿಸಿದರು, ಸುತ್ತಮುತ್ತ ಯಾರಾದರೂ ಇದ್ದರೆ ಕೇಳಿಸಿಕೊಳ್ಳಲಿ ಅಂತ. ಇಂಥ ದರಿದ್ರ ಬೇಲಿಗೆ ಕೋಟೆ ಅನ್ನುವ ಘನವಾದ ಹೆಸರು ಕೊಡಬಹುದಾದರೆ ಅಂತ ಅವನೇ ನಗೆಯಾಡಿದ್ದಾನೆ.

ಈಗ ಲೆಕ್ಕ ನೋಡಿ. ಫ್ರಾಂಕ್ಲಿನ್‌ಗೆ ದರಿದ್ರ ಅನ್ನಿಸಿದ ಬೇಲಿಯ ಸುತ್ತಳತೆ 455 ಅಡಿ. ಫೋರ್ಟ್ ನೆಸೆಸಿಟಿಯದು 170 ಅಡಿಯೂ ಇಲ್ಲ. ಆದರೆ ವಾಷಿಂಗ್ಟನ್ ಹತ್ತಿರ ಕೊನೆಗೆ ಸೇರಿದ್ದು ಸುಮಾರು 400 ಜನ. ಒಳಗೆ ಹಿಡಿಸುವ ಮಾತೇ ಇಲ್ಲ. ಹಾಗಾಗಿ ಬೇಲಿಯ ಹೊರಗೆ ಗುಂಡಿ ತೋಡಿ, ಮಣ್ಣಿನ ದಿಬ್ಬ ಹಾಕಿ, ಹೆಚ್ಚಿನವರು ಅದರಲ್ಲಿ ಕೂರಬೇಕಾಯಿತು. ಈ ಮಣ್ಣಿನ ದಿಬ್ಬವೇ ಮುಂದೆ ಎಲ್ಲರನ್ನೂ ದಾರಿ ತಪ್ಪಿಸಿದ್ದು.

ತನಗ್ರಿಸನ್ ಇದನ್ನೆಲ್ಲ ನೋಡಿದ. ಹುಲ್ಲುಗಾವಲಿನಲ್ಲಿ ನಿಂತ ಆ ಪುಟ್ಟ ವಸ್ತು ಅಂತ ಹೀಗಳೆದ. ಈ ಹುಡುಗ ಯಾರ ಮಾತೂ ಕೇಳುವುದಿಲ್ಲ ಅಂತ ದೂರಿ ತನ್ನ ಜನರನ್ನು ಕರೆದುಕೊಂಡು ಹೊರಟುಹೋದ. ನನ್ನ ಪ್ರಕಾರ ಇಡೀ ಪ್ರಸಂಗದಲ್ಲಿ ಯುದ್ಧ ಗೊತ್ತಿದ್ದವನು ಅವನೊಬ್ಬನೇ.

ಜುಲೈ 3, 1754. ಸುಮಾರು 600 ಫ್ರೆಂಚರು, ಜೊತೆಗೆ ಅವರ ಪರವಾಗಿದ್ದ 100 ಮೂಲನಿವಾಸಿ ಯೋಧರು ಬಂದರು. ಮುಂದಾಳು ಕೂಲಾನ್ ದ ವಿಲಿಯೆ, ಸತ್ತ ಜುಮೊನ್‌ವಿಲ್‌ನ ಅಣ್ಣ. ಬಯಲಿಗೆ ಇಳಿಯಲೇ ಇಲ್ಲ. ಕಾಡಿನ ಅಂಚು ಕೋಟೆಗೆ ಕೋವಿ ಗುಂಡು ಮುಟ್ಟುವಷ್ಟು ಹತ್ತಿರ ಇತ್ತು, ನೆಲವೂ ಅಲ್ಲಿ ಎತ್ತರ. ಮರದ ಮರೆಯಿಂದಲೇ ಹೊಡೆದರು. ಜೋರು ಮಳೆ. ಗುಂಡಿಗಳಲ್ಲಿ ನೀರು ತುಂಬಿತು, ಮದ್ದು ಒದ್ದೆಯಾಯಿತು, ಕೋವಿ ಹಾರುವುದು ನಿಂತಿತು. ಕುದುರೆ, ದನ, ನಾಯಿಯನ್ನೂ ಬಿಡದೆ ಫ್ರೆಂಚರು ಕೊಂದರು. ಕತ್ತಲಾಗುವ ಹೊತ್ತಿಗೆ ಅರ್ಧಕ್ಕರ್ಧ ಸಿಪಾಯಿಗಳು ಕುಡಿದು ಮತ್ತರಾಗಿದ್ದರು ಅಂತ ವಾಷಿಂಗ್ಟನ್ ಕೈಕೆಳಗಿನ ಅಧಿಕಾರಿಯೇ ಬರೆದಿಟ್ಟಿದ್ದಾನೆ. ವಾಷಿಂಗ್ಟನ್ ಕಡೆ ಸತ್ತವರು ಸುಮಾರು 30, ಗಾಯಗೊಂಡವರು 70.

ರಾತ್ರಿ ಫ್ರೆಂಚರೇ ಮಾತುಕತೆಗೆ ಕರೆದರು. ನಡುರಾತ್ರಿಯ ಹೊತ್ತಿಗೆ ವಾಷಿಂಗ್ಟನ್ ಶರಣಾಗತಿಗೆ ಸಹಿ ಹಾಕಿದ. ಅವನ ಇಡೀ ಜೀವನದಲ್ಲಿ ಶರಣಾಗಿದ್ದು ಇದೊಂದೇ ಸಲ. ಅವನಿಗೆ ಫ್ರೆಂಚ್ ಬರುತ್ತಿರಲಿಲ್ಲ, ಮಳೆಯಲ್ಲಿ ನೆನೆದ ಕಾಗದವನ್ನು ಇನ್ನೊಬ್ಬ ಓದಿ ಹೇಳಿದ. ಜುಮೊನ್‌ವಿಲ್‌ನನ್ನು ನಾವೇ ಕೊಲೆ ಮಾಡಿದೆವು ಅಂತ ಒಪ್ಪಿಕೊಂಡ ಹಾಗೆ ಅದರಲ್ಲಿ ಇತ್ತು ಅನ್ನುವುದು ಆಮೇಲೆ ದೊಡ್ಡ ರಂಪವಾಯಿತು. ಮಾತು ಉಳಿಸಿಕೊಳ್ಳುತ್ತೇವೆ ಅನ್ನುವುದಕ್ಕೆ ಇಬ್ಬರು ಕ್ಯಾಪ್ಟನ್‌ಗಳನ್ನು ಒತ್ತೆಯಾಳಾಗಿ ಕೊಟ್ಟರು, ವಾನ್ ಬ್ರಾಮ್ ಮತ್ತು ಸ್ಟೋಬೊ. ಒತ್ತೆಯಾಳು ಅಂದ ಕೂಡಲೇ ನಮಗೆ 1792ರಲ್ಲಿ ಟಿಪ್ಪು ತನ್ನ ಇಬ್ಬರು ಮಕ್ಕಳನ್ನು ಕಾರ್ನ್‌ವಾಲಿಸ್‌ಗೆ ಒಪ್ಪಿಸಿದ್ದು ನೆನಪಾಗುತ್ತದೆ, ಅಲ್ವಾ? ಅದೇ ಕಾರ್ನ್‌ವಾಲಿಸ್‌ನ ಸೈನ್ಯ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, 1781ರಲ್ಲಿ, ಯಾರ್ಕ್‌ಟೌನ್‌ನಲ್ಲಿ ಶರಣಾಗಿದ್ದು ಇದೇ ವಾಷಿಂಗ್ಟನ್‌ಗೆ. ಈ ಸ್ಟೋಬೊ ಸೆರೆಯಲ್ಲಿದ್ದುಕೊಂಡೇ ಫೋರ್ಟ್ ಡ್ಯುಕೇನ್‌ನ ನಕ್ಷೆ ಬರೆದು ಗುಟ್ಟಾಗಿ ಹೊರಗೆ ಸಾಗಿಸಿದ. ಧೈರ್ಯವಂತ.

ಜುಲೈ 4ರ ಬೆಳಗ್ಗೆ ಸೋತವರು ನಡೆದು ಹೊರಟರು. ಫ್ರೆಂಚರು ಕೋಟೆಯನ್ನು ಸುಟ್ಟರು. ಕಟ್ಟಿ ಒಂದು ತಿಂಗಳಾಗಿತ್ತು ಅಷ್ಟೇ.

ಇಂಗ್ಲೆಂಡು, ಫ್ರಾನ್ಸು 1756ರಲ್ಲಿ ಅಧಿಕೃತವಾಗಿ ಯುದ್ಧ ಸಾರಿದವು. ಏಳು ವರ್ಷದ ಯುದ್ಧ ಅಂತ ನಾವು ಶಾಲೆಯಲ್ಲಿ ಓದಿದ್ದು ಇದನ್ನೇ. ಯೂರೋಪ್, ಕೆರಿಬಿಯನ್ ದ್ವೀಪಗಳು, ಭಾರತ, ಎಲ್ಲ ಕಡೆ ಹೊಡೆದಾಟ. ಈಗಿನ ತಮಿಳುನಾಡಿನ ವಾಂಡಿವಾಶ್‌ನಲ್ಲಿ ಫ್ರೆಂಚರು ಸೋತದ್ದು 1760ರಲ್ಲಿ. ಅದೇ ವರ್ಷ ಪುದುಚೇರಿ ಮುತ್ತಿಗೆಗೆ ಸಿಕ್ಕಾಗ ಫ್ರೆಂಚರ ನೆರವಿಗೆ ಮೈಸೂರಿನಿಂದ ಸೈನ್ಯ ಕಳಿಸಿದವನು ಹೈದರ್ ಅಲಿ. ಅಷ್ಟರಲ್ಲಿ ಶ್ರೀರಂಗಪಟ್ಟಣದಲ್ಲಿ ಅವನದೇ ದಿವಾನ ಖಂಡೇರಾಯ ಅವನ ಮೇಲೆ ತಿರುಗಿಬಿದ್ದದ್ದರಿಂದ ಆ ಸೈನ್ಯವನ್ನು ವಾಪಸ್ ಕರೆಸಬೇಕಾಯಿತು. ಪೆನ್ಸಿಲ್ವೇನಿಯಾದ ಜೌಗು ಹುಲ್ಲುಗಾವಲಿಗೂ ಕಾವೇರಿ ದಂಡೆಗೂ ಇರುವ ನಂಟು ಇಷ್ಟು. ಎಳೆದು ತಂದದ್ದಲ್ಲ, ಒಂದೇ ಯುದ್ಧದ ಎರಡು ತುದಿ.

ಇನ್ನು ಆಕಾರದ ಗೊಂದಲಕ್ಕೆ ಬರೋಣ. ನನಗೆ ಇದೇ ಜಾಸ್ತಿ ಇಷ್ಟವಾದ ಭಾಗ.

ಕಂಬಗಳು ಸುಟ್ಟುಹೋದವು. ಹೊರಗಿನ ಮಣ್ಣಿನ ದಿಬ್ಬ ಮಾತ್ರ ಹುಲ್ಲಿನ ಕೆಳಗೆ ಮಸುಕಾಗಿ ಉಳಿಯಿತು. 1816ರಲ್ಲಿ ಫ್ರೀಮನ್ ಲೂಯಿಸ್ ಅನ್ನುವ ಸರ್ವೇಯರ್ ಬಂದು ಆ ದಿಬ್ಬದ ಸಾಲನ್ನು ಅಳೆದ. ತ್ರಿಕೋನ ಅಂತ ನಕ್ಷೆ ಬರೆದ. 1830ರಲ್ಲಿ ಇತಿಹಾಸಕಾರ ಜ್ಯಾರೆಡ್ ಸ್ಪಾರ್ಕ್ಸ್ ಬಂದ. ಅದೇ ದಿಬ್ಬ ನೋಡಿದ, ವಜ್ರದಾಕಾರ ಅಂದ. ಆಮೇಲೆ ಬಂದವರು ತ್ರಿಕೋನದ ಪಕ್ಷ, ವಜ್ರದ ಪಕ್ಷ ಅಂತ ಎರಡು ಗುಂಪಾದರು. ಇಬ್ಬರೂ ಅಳೆದದ್ದರಲ್ಲಿ ಅಂಥ ತಪ್ಪಿರಲಿಲ್ಲ. ಆದರೆ ಅಳೆದದ್ದು ಹೊರಗಿನ ಗುಂಡಿಯ ದಿಬ್ಬವನ್ನು, ಕೋಟೆಯ ಗೋಡೆಯನ್ನಲ್ಲ. ಕಣ್ಣಿಗೆ ಕಂಡದ್ದೇ ಕೋಟೆ ಅಂತ ಇಬ್ಬರೂ ಅಂದುಕೊಂಡರು.

1932 ವಾಷಿಂಗ್ಟನ್ ಹುಟ್ಟಿದ 200ನೇ ವರ್ಷ. ದೇಶದ ತುಂಬ ಹಬ್ಬ. ಆ ಹುರುಪಿನಲ್ಲಿ ಇಲ್ಲೂ ಕೋಟೆ ಮತ್ತೆ ಎದ್ದಿತು, ಸ್ಪಾರ್ಕ್ಸ್ ಹೇಳಿದ ನಾಲ್ಕು ಮೂಲೆಯ ಆಕಾರದಲ್ಲಿ. ಎರಡು ದಶಕ ಜನ ಬಂದು, ಕಂಬ ಮುಟ್ಟಿ, ಫೋಟೊ ತೆಗೆಸಿಕೊಂಡು ಹೋದರು.

ಆದರೆ ಹಳೆಯ ಕಾಗದಗಳು ಬೇರೆ ಏನೋ ಹೇಳುತ್ತಿದ್ದವು. ಯುದ್ಧ ನಡೆದು ಐದು ವರ್ಷಕ್ಕೆ, 1759ರಲ್ಲಿ, ಆ ದಾರಿಯಲ್ಲಿ ಹೋದ ಕರ್ನಲ್ ಜೇಮ್ಸ್ ಬರ್ಡ್ ತನ್ನ ದಿನಚರಿಯಲ್ಲಿ ಸಣ್ಣ ದುಂಡನೆಯ ಬೇಲಿ, ನಡುವೆ ಪುಟ್ಟ ಮನೆ, ಹೊರಗೆ ಸಣ್ಣ ಕಂದಕ ಅಂತ ಬರೆದಿದ್ದ. ಯುದ್ಧದಲ್ಲಿ ಖುದ್ದು ಇದ್ದ ಜಾನ್ ಶಾ ಅನ್ನುವ ಸಿಪಾಯಿ 1754ರ ಆಗಸ್ಟ್‌ನಲ್ಲೇ ಪ್ರಮಾಣ ಮಾಡಿ ಕೊಟ್ಟ ಹೇಳಿಕೆಯಲ್ಲಿ ಕೂಡ ದುಂಡನೆಯ ಕೋಟೆ ಅಂತಲೇ ಇದೆ. ತೊಗಟೆ, ಚರ್ಮ ಹೊದಿಸಿದ ಹದಿನಾಲ್ಕು ಅಡಿ ಚೌಕದ ಗುಡಿಸಲಿನ ವಿವರ ಅವನದೇ. ಇಬ್ಬರು ಕಣ್ಣಾರೆ ಕಂಡವರ ಮಾತಿಗಿಂತ ಅರವತ್ತು ವರ್ಷದ ಮೇಲೆ ಬಂದವನ ನಕ್ಷೆಗೆ ಬೆಲೆ ಜಾಸ್ತಿ ಸಿಕ್ಕಿತು. ಅಳತೆ, ಗೆರೆ, ಕೋನ ಇದ್ದರೆ ನಂಬುವುದು ಸುಲಭ, ಏನು ಮಾಡುವುದು.

1952ರಲ್ಲಿ ರಾಷ್ಟ್ರೀಯ ಉದ್ಯಾನ ಇಲಾಖೆಯ ಪುರಾತತ್ವಜ್ಞ ಜೆ. ಸಿ. ಹ್ಯಾರಿಂಗ್ಟನ್ ಅಗೆಯಲು ಬಂದರು. ಮುಂದಿನ ವರ್ಷವೂ ಅಗೆತ ಮುಂದುವರಿಯಿತು. ದಿಬ್ಬದ ಸಾಲಿನ ಒಳಗಡೆ ಬಾಗಿದ ಒಂದು ಕಾಲುವೆಯ ಗುರುತು ಸಿಕ್ಕಿತು. ಅದನ್ನೇ ಹಿಡಿದು ಹೋದರೆ ಅದು ಬಾಗುತ್ತಾ ಬಾಗುತ್ತಾ ಪೂರ್ತಿ ಸುತ್ತು ಬಂತು. ಅಡ್ಡಳತೆ 53 ಅಡಿ. ಕಾಲುವೆಯಲ್ಲಿ ಸುಮ್ನೆ ಮಣ್ಣಿನ ಬಣ್ಣ ಬದಲಾಗಿದ್ದಷ್ಟೇ ಅಲ್ಲ, 1754ರಲ್ಲಿ ನೆಟ್ಟ ಓಕ್ ಕಂಬಗಳ ಬುಡವೇ ಅಲ್ಲಲ್ಲಿ ಉಳಿದಿತ್ತು. ಒಣ ನೆಲವಾಗಿದ್ದರೆ ಇನ್ನೂರು ವರ್ಷದಲ್ಲಿ ಕೊಳೆತು, ಗೆದ್ದಲು ತಿಂದು ಮುಗಿಯುತ್ತಿತ್ತು. ಸದಾ ನೀರು ಹಿಡಿದ ಮಣ್ಣಿನಲ್ಲಿ ಗಾಳಿ ಆಡುವುದಿಲ್ಲ, ಮರ ತಿನ್ನುವ ಜೀವಿಗಳು ಬದುಕುವುದಿಲ್ಲ, ಹಾಗಾಗಿ ಮರ ಉಳಿಯುತ್ತದೆ. ವಾಷಿಂಗ್ಟನ್ ಸೋಲುವುದಕ್ಕೆ ಕಾರಣವಾದ ಅದೇ ಜೌಗು ಹ್ಯಾರಿಂಗ್ಟನ್ ಅವರಿಗೆ ಸಾಕ್ಷಿ ಉಳಿಸಿಕೊಟ್ಟಿತ್ತು. ಹಳೇ ಕೋಟೆ ತೆಗೆದು, 1954ರಲ್ಲಿ, ಯುದ್ಧದ 200ನೇ ವರ್ಷಕ್ಕೆ ಸರಿಯಾಗಿ, ದುಂಡನೆಯ ಕೋಟೆ ಕಟ್ಟಿದರು. ಈಗ ನೀವು ಹೋದರೆ ನೋಡುವುದು ಈ ಆಕಾರವನ್ನೇ.

ಇಷ್ಟೆಲ್ಲ ತಿಳಿದ ಮೇಲೆ ರಸ್ತೆ ಬದಿಯ ಫಲಕವನ್ನು ಬೇರೆ ಕಣ್ಣಿನಿಂದ ನೋಡಬೇಕಾಗುತ್ತದೆ. ಈ ಫಲಕ ಅನ್ನುವ ವ್ಯವಸ್ಥೆ ಹುಟ್ಟಿದ್ದು ಕಾರಿನ ಜೊತೆಗೆ. 1920ರ ದಶಕದಲ್ಲಿ ಜನ ಕಾರು ತೆಗೆದುಕೊಂಡು ಊರೂರು ಸುತ್ತಲು ಶುರುಮಾಡಿದರು. ರಾಜ್ಯಗಳಿಗೆ ಪ್ರವಾಸಿಗರು ಬೇಕಿತ್ತು. ನ್ಯೂಯಾರ್ಕ್ 1926ರಲ್ಲಿ, ವರ್ಜೀನಿಯಾ 1927ರಲ್ಲಿ ಹೆದ್ದಾರಿ ಪಕ್ಕ ಫಲಕ ನೆಡಲು ಶುರುಮಾಡಿದವು. ಪೆನ್ಸಿಲ್ವೇನಿಯಾ ಇನ್ನೂ ಮುಂಚೆ, 1914ರಿಂದಲೇ, ಬಂಡೆ ಮತ್ತು ಕಟ್ಟಡಗಳಿಗೆ ಕಂಚಿನ ಫಲಕ ಹಾಕುತ್ತಿತ್ತು. ಕಾರಿನಲ್ಲಿ ಹೋಗುವವನಿಗೆ ಅದು ಕಾಣಬೇಕಲ್ಲ. 1946ರಿಂದ ಕಂಬದ ಮೇಲಿನ ನೀಲಿ ಫಲಕ ಬಂತು. ಈಗ ರಾಜ್ಯದಲ್ಲಿ ಅಂಥವು 2,500ಕ್ಕೂ ಜಾಸ್ತಿ ಇವೆ. ಅದರಲ್ಲಿ ಎರಡು ಜಾತಿ. ಊರೊಳಗೆ ನಡೆದು ಹೋಗುವವರಿಗೆ ಸಣ್ಣ ಅಕ್ಷರ, ಜಾಸ್ತಿ ಮಾತು. ಹೆದ್ದಾರಿಯಲ್ಲಿ ದೊಡ್ಡ ಅಕ್ಷರ, ಕಮ್ಮಿ ಮಾತು. ಎರಡು ಕಡೆಯಿಂದ ಬರುವವರಿಗೂ ಕಾಣಲಿ ಅಂತ ಎರಡೂ ಮುಖದಲ್ಲಿ ಅದೇ ಬರಹ. ಅಲ್ಯೂಮಿನಿಯಂ ಕರಗಿಸಿ ಅಚ್ಚಿಗೆ ಹೊಯ್ದು ಮಾಡುವ ಫಲಕ ಇದು, ಅಕ್ಷರಗಳು ಉಬ್ಬಿಕೊಂಡಿರುತ್ತವೆ. ದೇಶದ ಎಷ್ಟೋ ರಾಜ್ಯಗಳಿಗೆ ಇಂಥ ಫಲಕ ಮಾಡಿಕೊಡುವುದು ಓಹಿಯೊದ ಮರಿಯೆಟ್ಟಾ ಊರಿನ ಸೆವಾ ಸ್ಟುಡಿಯೋಸ್ ಅನ್ನುವ ಕಂಪನಿ. ಹೆಸರು ಕೇಳಿ ನಮ್ಮವರದ್ದೇನೋ ಅಂದುಕೊಳ್ಳಬೇಡಿ, ಸ್ಥಾಪಕನ ಮನೆತನದ ಹೆಸರು ಹಾಸ್, ಅದರ ಇಂಗ್ಲಿಷ್ ಅಕ್ಷರಗಳನ್ನು ತಿರುಗಾಮುರುಗಾ ಮಾಡಿ ಇಟ್ಟದ್ದು.

ಈ ತಾಂತ್ರಿಕ ವಿವರ ಯಾಕೆ ಹೇಳಿದೆ ಅಂದರೆ, ಫಲಕ ಏನು ಹೇಳುತ್ತದೆ ಅನ್ನುವುದನ್ನು ಅರ್ಧಕ್ಕರ್ಧ ಇದೇ ತೀರ್ಮಾನಿಸುತ್ತದೆ. ಅಕ್ಷರ ದೊಡ್ಡದಿರಬೇಕು, ಫಲಕ ಒಂದೇ ಅಳತೆ, ಹಾಗಾಗಿ ನಾಲ್ಕೈದು ಸಾಲು. ಅಷ್ಟರಲ್ಲಿ ಹೆಸರು, ತಾರೀಕು, ಗೆದ್ದವರು, ಸೋತವರು ಹಿಡಿಸುತ್ತಾರೆ. ಓಹಿಯೊ ಕಂಪನಿಯ ಪಾಲುದಾರರ ಪಟ್ಟಿ ಹಿಡಿಸುವುದಿಲ್ಲ. ತನಗ್ರಿಸನ್ ಬಿಟ್ಟುಹೋದದ್ದು ಹಿಡಿಸುವುದಿಲ್ಲ. ಒಮ್ಮೆ ಎರಕ ಹೊಯ್ದ ಮೇಲೆ ತಿದ್ದುವುದೂ ಆಗುವುದಿಲ್ಲ, ಹೊಸದನ್ನೇ ಮಾಡಿಸಬೇಕು. ಕಾಗದದ ಮೇಲಿನ ತಪ್ಪು ಒಂದು ದಿನದಲ್ಲಿ ಹೋಗುತ್ತದೆ, ಲೋಹದ ತಪ್ಪು ಐವತ್ತು ವರ್ಷ ನಿಂತಿರುತ್ತದೆ. ಇನ್ನೊಂದು, ಫಲಕ ನಿಂತ ಜಾಗವೇ ಘಟನೆ ನಡೆದ ಜಾಗ ಅಂದುಕೊಳ್ಳಬೇಡಿ. ಕಾರು ನಿಲ್ಲಿಸಲು ಅನುಕೂಲ ಇರುವ ರಸ್ತೆ ಬದಿ ಎಲ್ಲಿದೆಯೋ ಅಲ್ಲಿ ನೆಡುತ್ತಾರೆ. 'ಹತ್ತಿರದಲ್ಲಿ' ಅಂತ ಬರೆದಿದ್ದರೆ ಅದು ಎಷ್ಟು ಹತ್ತಿರ ಅಂತ ನೀವೇ ವಿಚಾರಿಸಿಕೊಳ್ಳಬೇಕು.

ಬರಹದ ಒಳಗಿನ ಧಾಟಿ ಇನ್ನೂ ದೊಡ್ಡ ವಿಷಯ. ಪಿಟ್ಸ್‌ಬರ್ಗ್‌ನಲ್ಲಿ ಜನರಲ್ ಜಾನ್ ಫೋರ್ಬ್ಸ್ ನೆನಪಿಗೆ ಹಾಕಿದ ಒಂದು ಹಳೆಯ ಫಲಕ ಇತ್ತು. 1758ರಲ್ಲಿ ಫೋರ್ಟ್ ಡ್ಯುಕೇನ್ ಗೆದ್ದವನು ಅವನು. ಆ ಗೆಲುವು ಅಮೆರಿಕದಲ್ಲಿ ಆಂಗ್ಲೋ ಸ್ಯಾಕ್ಸನ್ ಜನಾಂಗದ ಮೇಲುಗೈ ಸ್ಥಾಪಿಸಿತು ಅಂತ ಫಲಕದಲ್ಲಿ ಹೆಮ್ಮೆಯಿಂದ ಬರೆದಿತ್ತು. ಇತ್ತೀಚೆಗೆ ರಾಜ್ಯದ ಇತಿಹಾಸ ಆಯೋಗ ತನ್ನ ಎಲ್ಲ ಫಲಕಗಳನ್ನು ಕೂತು ಮತ್ತೆ ಓದಿದಾಗ ಅದನ್ನು ತೆಗೆಸಿತು. ಇತಿಹಾಸ ಅಳಿಸುತ್ತಿದ್ದಾರೆ ಅಂತ ಕೂಗು ಎದ್ದೇ ಎದ್ದಿತು. ನನಗೇನೋ ತೆಗೆದದ್ದು ಸರಿ ಅನ್ನಿಸುತ್ತದೆ. ಆ ವಾಕ್ಯ 1758ರ ಬಗ್ಗೆ ಹೇಳುವುದಕ್ಕಿಂತ ಫಲಕ ಹಾಕಿದವರ ಕಾಲದ ಬಗ್ಗೆಯೇ ಜಾಸ್ತಿ ಹೇಳುತ್ತಿತ್ತು. ಅಂಥದ್ದು ಇರಬೇಕಾದದ್ದು ಮ್ಯೂಸಿಯಂನಲ್ಲಿ, ವಿವರಣೆಯ ಜೊತೆಗೆ.

ಮೂಲನಿವಾಸಿಗಳು ಫ್ರೆಂಚರ ಪರ ಯಾಕೆ ಹೋದರು ಅನ್ನುವುದನ್ನು ಯಾವ ನಾಲ್ಕು ಸಾಲಿನ ಫಲಕದಲ್ಲೂ ಹೇಳಲಾಗದು, ಆದರೆ ಅದು ಗೊತ್ತಿಲ್ಲದೆ ಈ ಕೋಟೆ ಅರ್ಥವಾಗುವುದಿಲ್ಲ. 1755ರಲ್ಲಿ ಸೇಡು ತೀರಿಸಲು ಇಂಗ್ಲೆಂಡಿನಿಂದ ಜನರಲ್ ಬ್ರಾಡಕ್ ಬಂದ. ಲೆನಾಪೆ ನಾಯಕ ಶಿಂಗಾಸ್ ಅವನನ್ನು ನೇರವಾಗಿ ಕೇಳಿದನಂತೆ: ಫ್ರೆಂಚರನ್ನು ಓಡಿಸಿದ ಮೇಲೆ ಈ ನೆಲ ಯಾರಿಗೆ? ನಾವು ಇಲ್ಲೇ ಇರಬಹುದಾ? ಇಂಗ್ಲಿಷರಿಗೆ, ನಿಮ್ಮವರ್ಯಾರಿಗೂ ಇಲ್ಲಿ ಹಕ್ಕಿಲ್ಲ ಅಂದನಂತೆ ಬ್ರಾಡಕ್. ಹಾಗಿದ್ದರೆ ನಾವು ಯಾಕೆ ನಿಮ್ಮ ಪರ ಹೋರಾಡಬೇಕು ಅಂತ ಅವರು ಎದ್ದು ಹೋದರು. ಅವರಲ್ಲಿ ಹಲವರು ಮುಂದೆ ಫ್ರೆಂಚರ ಕಡೆ ಸೇರಿದರು. ಜುಲೈ 9ಕ್ಕೆ ಬ್ರಾಡಕ್‌ನ ಸೈನ್ಯ ನುಚ್ಚುನೂರಾಯಿತು, 13ಕ್ಕೆ ಅವನೂ ಸತ್ತ. ಶವ ಶತ್ರುಗಳ ಕೈಗೆ ಸಿಗದಿರಲಿ ಅಂತ ರಸ್ತೆಯ ನಡುವೆಯೇ ಹೂತು, ಗುರುತು ಅಳಿಸಲು ಅದರ ಮೇಲೆ ಗಾಡಿಗಳನ್ನು ಓಡಿಸಿಕೊಂಡು ಹೋದರು. 1804ರಲ್ಲಿ ರಸ್ತೆ ರಿಪೇರಿ ಮಾಡುವ ಕೂಲಿಗಳಿಗೆ ಎಲುಬು ಸಿಕ್ಕವು. ಈಗಿನ ಸ್ಮಾರಕ 1913ರದ್ದು, ಕೋಟೆಯಿಂದ ಪಶ್ಚಿಮಕ್ಕೆ ಒಂದು ಮೈಲಿ, ಅದೇ ಯುಎಸ್ 40 ಪಕ್ಕ.

ಸೋತ ಹುಲ್ಲುಗಾವಲನ್ನು ವಾಷಿಂಗ್ಟನ್ ಮರೆಯಲಿಲ್ಲ. ಹದಿನೈದು ಹದಿನಾರು ವರ್ಷದ ಮೇಲೆ ಆ 234 ಎಕರೆಯನ್ನು ಕೊಂಡುಕೊಂಡ, 1799ರಲ್ಲಿ ಸಾಯುವವರೆಗೂ ಅದು ಅವನ ಹೆಸರಿನಲ್ಲೇ ಇತ್ತು. ಡಿನ್‌ವಿಡ್ಡಿ ಹೇಳಿದ್ದ 2 ಲಕ್ಷ ಎಕರೆಯ ಲೆಕ್ಕದಲ್ಲೂ ಸಾವಿರಾರು ಎಕರೆ ಅವನ ಪಾಲಿಗೆ ಬಂತು. ಎಲ್ಲ ಶುರುವಾದದ್ದು ಜಮೀನಿನಿಂದ ಅಂದೆನಲ್ಲ.

ಹೋಗುವವರಿಗೆ ಒಂದೆರಡು ಮಾತು. ಈ ಫಲಕದ ಹತ್ತಿರ ಮಾತ್ರ ನಿಲ್ಲಿಸಬೇಡಿ, ಟ್ರಕ್‌ಗಳು ಜೋರಾಗಿ ಬರುತ್ತವೆ. ಒಳಗೆ ತಿರುಗಿದರೆ ಪಾರ್ಕಿಂಗ್ ಇದೆ, ಮ್ಯೂಸಿಯಂ ಇದೆ. ಗುಡ್ಡದ ಮೇಲೆ ಕಾಣುವ ಇಟ್ಟಿಗೆ ಕಟ್ಟಡ ಕೋಟೆಯ ಕಾಲದ್ದಲ್ಲ, 1830ರ ಆಸುಪಾಸಿನಲ್ಲಿ ಕೋಚ್ ಗಾಡಿಗಳ ಪ್ರಯಾಣಿಕರಿಗೆ ಕಟ್ಟಿದ ಛತ್ರ. ಕೋಟೆಯ ಬಳಿ ಹೋದಾಗ ಬೇಲಿಯನ್ನಷ್ಟೇ ನೋಡಬೇಡಿ, ಅದಕ್ಕೆ ಬೆನ್ನು ಹಾಕಿ ನಿಂತು ಕಾಡಿನ ಅಂಚು ಎಷ್ಟು ಹತ್ತಿರ ಇದೆ ಅಂತ ನೋಡಿ, ಜುಲೈ 3ರಂದು ಏನಾಯಿತು ಅನ್ನುವುದು ಅರ್ಧ ಅಲ್ಲೇ ತಿಳಿಯುತ್ತದೆ. ಮಳೆ ಬಂದ ಮರುದಿನ ಹೋದರೆ ಬೂಟು ಹಾಕಿಕೊಳ್ಳಿ. ಜುಮೊನ್‌ವಿಲ್ ಸತ್ತ ಬಂಡೆಗಳ ಕಣಿವೆ ಬೇರೆ ಕಡೆ ಇದೆ, ಬೆಟ್ಟದ ಮೇಲೆ ಕೆಲವು ಮೈಲಿ ಹೋಗಬೇಕು. ಚಳಿಗಾಲದಲ್ಲಿ ಅದನ್ನು ಮುಚ್ಚಿರುತ್ತಾರೆ, ಹಾಗಾಗಿ ಎರಡನ್ನೂ ಒಂದೇ ದಿನ ನೋಡಬೇಕಿದ್ದರೆ ಬೇಸಿಗೆಯಲ್ಲೇ ಹೊರಡಿ.